‘ಕೇಳಿಸಿತು’ ಅಂತ ಬರೆಯಬೇಕಾ, ‘ಕೇಳಿಸಿತಂತೆ’ ಅಂತಲಾ? ಟರ್ಕಿಶ್ ಪ್ರಶ್ನಾವಳಿಗೆ ಕನ್ನಡದವರ ಸಹಾಯ ಬೇಕು

ತುಂಗಾತೀರ (ಅಂಕಾರಾ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾನು ಶಿವಮೊಗ್ಗದವಳು. ಈಗ ಅಂಕಾರಾದಲ್ಲಿ ಆಡಿಯಾಲಜಿ, ಅಂದರೆ ಕಿವಿ ಕೇಳಿಸುವುದರ ಬಗೆಗಿನ ವಿಜ್ಞಾನ, ಓದುತ್ತಿದ್ದೇನೆ. ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಒಳಗಿವಿಗೆ ಹಾಕುವ ಸಾಧನ) ಆದ ಮಕ್ಕಳ ತಂದೆತಾಯಿಗೆ ಕೊಡುವ ಒಂದು ಪ್ರಶ್ನಾವಳಿಯನ್ನು ಟರ್ಕಿಶ್‌ಗೆ ಹೊಂದಿಸುವ ಕೆಲಸದಲ್ಲಿ ನಾನೂ ಇದ್ದೇನೆ. ಮೂಲ ಇಂಗ್ಲಿಷ್‌ನದು, ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು, 74 ಹೇಳಿಕೆಗಳಿವೆ. ಪ್ರತಿಯೊಂದರ ಮುಂದೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದ ತನಕ ಗುರುತು ಹಾಕಲು ಐದು ಮನೆ. ಮಗುವಿನ ಮಾತು, ಧೈರ್ಯ, ಗೆಳೆತನ, ಶಾಲೆ, ಆಪರೇಷನ್ ಮಾಡಿಸಬೇಕಾ ಬೇಡವಾ ಅಂತ ಮನೆಯವರು ಒದ್ದಾಡಿದ ದಿನಗಳು, ಎಲ್ಲವೂ ಅದರಲ್ಲಿ ಬರುತ್ತವೆ. ಟರ್ಕಿಯಲ್ಲಿ ಇದನ್ನು ಮೊದಲೂ ಬಳಸಿದ್ದಾರೆ. ಆದರೆ ಈಗ ಮಕ್ಕಳಿಗೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಇಂಪ್ಲಾಂಟ್ ಆಗುತ್ತಿದೆ, ಎಷ್ಟೋ ಮಕ್ಕಳಿಗೆ ಎರಡೂ ಕಿವಿಗೆ ಆಗಿದೆ. ಹಾಗಾಗಿ ಒಂದೊಂದು ಸಾಲನ್ನೂ ಮತ್ತೆ ಹೊಸದಾಗಿ ನೋಡೋಣ ಅಂತ ನಮ್ಮ ಗೈಡ್ ಹೇಳಿದರು.

ನಾನು ಸಿಕ್ಕಿಕೊಂಡಿರುವುದು ಕ್ರಿಯಾಪದದ ಬಾಲದಲ್ಲಿ. ಟರ್ಕಿಶ್‌ನಲ್ಲಿ ಆಗಿಹೋದದ್ದನ್ನು ಹೇಳಲು ಎರಡು ದಾರಿ ಇವೆ. ಕಣ್ಣಾರೆ ಕಂಡಿದ್ದರೆ ‘ಗೆಲ್ದಿ’, ಬಂದ. ಬೇರೆಯವರಿಂದ ಗೊತ್ತಾಗಿದ್ದರೆ ‘ಗೆಲ್ಮಿಶ್’, ಬಂದನಂತೆ. ನಮ್ಮ ‘ಅಂತೆ’ ಇದ್ದ ಹಾಗೇ ಅಲ್ವಾ? ಆದರೆ ನಾವು ‘ಅಂತೆ’ಯನ್ನು ಬೇಕಾದಾಗ ಸೇರಿಸುತ್ತೇವೆ, ಬೇಡದಾಗ ಬಿಡುತ್ತೇವೆ. ಇಲ್ಲಿ ಆಡುಮಾತಿನಲ್ಲಿ ಎರಡರಲ್ಲಿ ಒಂದನ್ನು ಹಾಕಲೇಬೇಕು.

‘ಮಗುವಿನ ಮಾತು ಬೆಳೆದಿದೆ’ ಅನ್ನುವ ಅರ್ಥದ ಹೇಳಿಕೆ ಇದೆ ಅಂದುಕೊಳ್ಳಿ. ಇಂಗ್ಲಿಷ್‌ನಲ್ಲಿ ಅದನ್ನು ಯಾರು ನೋಡಿದರು, ಯಾರು ಹೇಳಿದರು ಅಂತ ಏನೂ ಇರುವುದಿಲ್ಲ. ಟರ್ಕಿಶ್‌ಗೆ ತಂದ ತಕ್ಷಣ ‘ಗೆಲಿಶ್ತಿ’ ಅಂತ ಬರೆದರೆ ತಾಯಿಯೇ ನೋಡಿದ್ದಾಳೆ ಅಂತಾಗುತ್ತದೆ. ‘ಗೆಲಿಶ್ಮಿಶ್’ ಅಂದರೆ ಟೀಚರ್ ಹೇಳಿ ಗೊತ್ತಾಯಿತು, ಇಲ್ಲವೇ ಈಗಷ್ಟೇ ಗಮನಕ್ಕೆ ಬಂತು ಅಂತಾಗುತ್ತದೆ. ಮನೆಯೊಳಗಿನ ಹೇಳಿಕೆಗೆ ಮೊದಲನೆಯದು ಸರಿ. ಆದರೆ ಶಾಲೆಯಲ್ಲಿ ಗೆಳೆಯರ ಜೊತೆ ಹೇಗಿದ್ದಾನೆ ಅನ್ನುವ ಹೇಳಿಕೆಗೆ? ಅಲ್ಲಿ ಅಮ್ಮ ಇರುವುದೇ ಇಲ್ಲವಲ್ಲ.

ಹೋದ ವಾರ ಕರಡು ಹಿಡಿದುಕೊಂಡು ಅಂಕಾರಾದ ಕೆಚಿಯೊರೆನ್‌ನಲ್ಲಿ ಒಬ್ಬ ತಾಯಿಯ ಮನೆಗೆ ಹೋಗಿದ್ದೆ. ಮಗನಿಗೆ ನಾಲ್ಕು ವರ್ಷ. ನಮ್ಮ ಹಿಂದೆ ಜಮಖಾನದ ಮೇಲೆ ಕೂತು ಆಟದ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಒಲೆಯ ಮೇಲೆ ಚಹಾದ ಪಾತ್ರೆಯ ಮುಚ್ಚಳ ಟಕಟಕ ಅಂತ ಕುಣಿಯಲು ಶುರುವಾಯಿತು. ಅವನು ಕಾರು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆ ಕಡೆ ತಿರುಗಿದ. ತಾಯಿ ನನ್ನ ಮೊಣಕೈ ಹಿಡಿದು ಮೆಲ್ಲಗೆ ‘ದುಯ್ಮುಶ್’ ಅಂದರು. ಕಣ್ಣೆದುರಿಗೇ ನಡೆದದ್ದು, ಆದರೂ ‘ಮಿಶ್’ ಬಾಲವೇ ಬಂತು. ‘ಕೇಳಿಸಿತಂತೆ’ ಅಂತ ಅಲ್ಲ ಅದರ ಅರ್ಥ. ‘ಕೇಳಿಸಿದೆ ನೋಡು!’ ಅಂತ. ಅರ್ಧ ಗಂಟೆ ಆದ ಮೇಲೆ ಅದೇ ತಾಯಿ ನಮ್ಮ ಕರಡಿನಲ್ಲಿ ‘ದುಯ್ದು’, ಕೇಳಿಸಿತು, ಅಂತ ಇದ್ದ ಸಾಲಿಗೆ ಬಂದು ನಿಂತುಬಿಟ್ಟರು. ಪೆನ್ನು ಮೂರನೇ ಮನೆಯ ಮೇಲೆ ಸುಮಾರು ಹೊತ್ತು ಹಾಗೇ ನಿಂತಿತ್ತು.

ಅವತ್ತಿನಿಂದ ಅದೇ ತಲೆಯಲ್ಲಿ ತಿರುಗುತ್ತಿದೆ. ಮಗುವಿಗೆ ಕೇಳಿಸುವುದನ್ನು ತಾಯಿ ನೋಡಲು ಆಗುವುದೇ ಇಲ್ಲ. ತಲೆ ತಿರುಗಿದ್ದು ಕಾಣುತ್ತದೆ, ಕೇಳಿಸಿದ್ದು ಕಾಣುವುದಿಲ್ಲ. ಟರ್ಕಿಶ್ ಭಾಷೆ ಆ ವ್ಯತ್ಯಾಸವನ್ನು ಬಿಟ್ಟುಕೊಡುವುದಿಲ್ಲ. ನನ್ನ ಜೊತೆಯ ಟರ್ಕಿಯವರಿಗೆ ಇದು ಎಷ್ಟು ಸಹಜ ಅಂದರೆ, ಇದರಲ್ಲಿ ಪ್ರಶ್ನೆ ಏನಿದೆ ಅಂತ ಅವರಿಗೆ ಅನಿಸುವುದೇ ಇಲ್ಲ. ‘ಅಂತೆ’ ಇರುವ ಭಾಷೆಯವರಿಗೆ ಅರ್ಥ ಆಗಬಹುದು ಅಂತ ಇಲ್ಲಿ ಕೇಳುತ್ತಿದ್ದೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕಿವಿಮಾತು (ಮೈಸೂರು)

ತುಂಗಾತೀರ ಅವರೇ, ಓದಿ ತುಂಬಾ ಖುಷಿ ಆಯಿತು. ನಾನು ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಓದಿದವಳು. ಹನ್ನೆರಡು ವರ್ಷದಿಂದ ಮಕ್ಕಳ ಜೊತೆಗೇ ಕೆಲಸ.

ಮೊದಲು ಒಂದು ಎಚ್ಚರಿಕೆ. ಹಿಂದಕ್ಕೆ ಅನುವಾದ ಮಾಡಿಸುತ್ತೀರಲ್ಲ, ಅಂದರೆ ಟರ್ಕಿಶ್ ಕರಡನ್ನು ಮೂಲ ನೋಡಿರದ ಒಬ್ಬರ ಕೈಯಲ್ಲಿ ಮತ್ತೆ ಇಂಗ್ಲಿಷ್‌ಗೆ ತರಿಸುವುದು, ಅದನ್ನು ಈ ವಿಷಯದಲ್ಲಿ ನಂಬಬೇಡಿ. ನೀವು ‘ಗೆಲಿಶ್ತಿ’ ಬರೆದರೂ ‘ಗೆಲಿಶ್ಮಿಶ್’ ಬರೆದರೂ ಇಂಗ್ಲಿಷ್‌ನಲ್ಲಿ ಅದೇ ವಾಕ್ಯ ವಾಪಸ್ ಬರುತ್ತದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ ಅಂತ ಕಾಣುತ್ತದೆ. ಅಷ್ಟರಲ್ಲಿ ತೊಂದರೆ ತಾಯಂದಿರ ಕೈಗೆ ಹೋಗಿರುತ್ತದೆ. ಅದು ಸಿಗುವುದು ನೀವು ಮಾಡಿದ ಹಾಗೆ ಪಕ್ಕದಲ್ಲಿ ಕೂತು, ‘ಇದನ್ನು ಓದಿದಾಗ ನಿಮ್ಮ ಮನಸ್ಸಿಗೆ ಏನು ಬಂತು ಹೇಳಿ’ ಅಂತ ಕೇಳಿದಾಗ ಮಾತ್ರ. ಹತ್ತು ಜನರ ಜೊತೆ ಹಾಗೆ ಕೂತರೆ ಸಾಕು, ಮುಕ್ಕಾಲು ಪಾಲು ಹೊರಗೆ ಬರುತ್ತದೆ.

ಇನ್ನೊಂದು ವಿಷಯ. ‘ಕೇಳು’ ಅನ್ನುವ ಪದ. ನಮ್ಮಲ್ಲಿ ‘ನಿಮ್ಮ ಮಗ ಮಾತು ಕೇಳ್ತಾನಾ?’ ಅಂದರೆ ಯಾವ ತಾಯಿಯೂ ಕಿವಿಯ ಬಗ್ಗೆ ಯೋಚಿಸುವುದಿಲ್ಲ. ‘ಅಯ್ಯೋ, ಒಂದು ಮಾತೂ ಕೇಳಲ್ಲ ಮೇಡಂ, ಮಹಾ ತುಂಟ’ ಅಂತಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅದನ್ನೇ ಬರೆದುಕೊಂಡು, ಈ ಮಗುವಿಗೆ ಇನ್ನೂ ಮಾತು ತಲುಪುತ್ತಿಲ್ಲ ಅಂತ ತಿಳಿದು ಮ್ಯಾಪಿಂಗ್, ಅಂದರೆ ಇಂಪ್ಲಾಂಟನ್ನು ಆ ಮಗುವಿಗೆ ತಕ್ಕಂತೆ ಹೊಂದಿಸುವುದು, ಮತ್ತೆ ಮಾಡಿಸಲು ಕಳಿಸಿದ್ದೆ. ಮಗುವಿಗೆ ಚೆನ್ನಾಗೇ ಕೇಳಿಸುತ್ತಿತ್ತು, ಸುಮ್ನೆ ಹಟ. ಅವತ್ತಿನಿಂದ ‘ಕೇಳಿಸುತ್ತದಾ’ ಬೇರೆ, ‘ಕೇಳ್ತಾನಾ’ ಬೇರೆ ಅಂತ ಎರಡು ಸಲ ಕೇಳುತ್ತೇನೆ. ಟರ್ಕಿಶ್‌ನಲ್ಲಿ ಹೇಗಿದೆ?

ಮೂಲ ಬರೆದವರ ಒಪ್ಪಿಗೆ ತಗೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಹೇಳಿಕೆಗಳನ್ನು ಬದಲಾಯಿಸುವುದಾದರೆ ಅವರಿಗೆ ಮೊದಲೇ ಬರೆದು ತಿಳಿಸಿ. ಎಲ್ಲ ಮುಗಿದ ಮೇಲೆ ಹೇಳಿದರೆ ಎರಡು ದೇಶದ ಅಂಕಗಳನ್ನು ಪಕ್ಕಪಕ್ಕ ಇಡುವುದು ಕಷ್ಟ ಆಗುತ್ತದೆ.

ತುಂಗಾತೀರ

ಒಪ್ಪಿಗೆ ಸಿಕ್ಕಿದೆ ಮೇಡಂ. ನೀವು ಕೇಳಿದ್ದು ಇಲ್ಲೂ ಹಾಗೇ ಇದೆ! ‘ದಿನ್ಲೆಮೆಕ್’ ಅಂದರೆ ಕಿವಿಗೊಟ್ಟು ಕೇಳುವುದು. ಆದರೆ ‘ಸೋಜ್ ದಿನ್ಲೆಮಿಯೊರ್’ ಅಂದರೆ ಹೇಳಿದ ಮಾತು ಕೇಳಲ್ಲ, ತುಂಟ. ಒಬ್ಬ ಅಜ್ಜಿ ನಮ್ಮ ಹೇಳಿಕೆ ಓದಿ, ‘ಇವನ ಅಪ್ಪನೂ ಚಿಕ್ಕವನಿದ್ದಾಗ ಹೀಗೇ’ ಅಂದಿದ್ದು ಈಗ ಅರ್ಥ ಆಯಿತು. ಆ ಸಾಲನ್ನು ‘ದುಯ್ಮಕ್’ಗೆ ಬದಲಾಯಿಸುತ್ತೇನೆ. ಅದು ಕಿವಿಗೆ ಬೀಳುವುದು, ಗೊಂದಲ ಕಡಿಮೆ.

ಪದಗಂಟು

ನಾನು ಭಾಷಾವಿಜ್ಞಾನದವನು, ಇಸ್ತಾಂಬುಲ್‌ನಲ್ಲಿ ಎರಡು ವರ್ಷ ಇದ್ದೆ. ನಿಮ್ಮ ಪ್ರಶ್ನೆಗೆ ಟರ್ಕಿಶ್‌ನ ಒಳಗೇ ಒಂದು ಉತ್ತರ ಇದೆ, ಅದು ನಿಮಗೂ ಕಂಡಿರುತ್ತದೆ. ಫಾರಂ, ಪಠ್ಯಪುಸ್ತಕ, ಸರ್ಕಾರಿ ಪತ್ರಗಳಲ್ಲೆಲ್ಲ ‘ಗೆಲಿಶ್ಮಿಶ್ತಿರ್’ ಅಂತ ಬರೆಯುತ್ತಾರೆ. ಆ ‘ತಿರ್’ ಸೇರಿದ ಕೂಡಲೇ ‘ಅಂತೆ’ಯ ವಾಸನೆ ಹೋಗುತ್ತದೆ, ಯಾರು ನೋಡಿದರು ಅನ್ನುವ ಪ್ರಶ್ನೆಯೂ ಹೋಗುತ್ತದೆ. ನಿಮ್ಮ ತಂಡದವರು ಇದನ್ನೇ ಸೂಚಿಸಿರಬೇಕು.

ಆದರೆ ನನಗೆ ಅದು ಇಷ್ಟ ಇಲ್ಲ. ಕನ್ನಡದಲ್ಲಿ ‘ಮಗುವಿನ ಸಂವಹನ ಸಾಮರ್ಥ್ಯವು ಅಭಿವೃದ್ಧಿ ಹೊಂದಿರುತ್ತದೆ’ ಅಂತ ಬರೆದು ಹಳ್ಳಿಯ ತಾಯಿಯ ಕೈಗೆ ಕೊಟ್ಟ ಹಾಗೆ. ಓದುತ್ತಾಳೆ, ಅರ್ಥವೂ ಆಗುತ್ತದೆ, ಆದರೆ ಅದು ತನ್ನ ಮಗುವಿನ ಬಗ್ಗೆ ಅಂತ ಅನಿಸುವುದಿಲ್ಲ. ಆಫೀಸಿನ ಕಾಗದ ಅನಿಸುತ್ತದೆ. ಆಫೀಸಿನ ಕಾಗದಕ್ಕೆ ಜನ ಹೇಗೆ ಉತ್ತರ ಕೊಡುತ್ತಾರೆ? ಎಲ್ಲದಕ್ಕೂ ಹೌದು ಅಂತ.

ನಾನಾಗಿದ್ದರೆ ಆದಷ್ಟು ಕಡೆ ಭೂತಕಾಲವನ್ನೇ ಬಿಡುತ್ತಿದ್ದೆ. ‘ಮಾತು ಬೆಳೆದಿದೆ’ ಅನ್ನುವ ಬದಲು ‘ಈಗ ಮೊದಲಿಗಿಂತ ಚೆನ್ನಾಗಿ ಮಾತಾಡುತ್ತಾನೆ’, ಅಂದರೆ ‘ಕೊನುಶುಯೊರ್’. ಅದರಲ್ಲಿ ಸಾಕ್ಷಿಯ ಪ್ರಶ್ನೆ ಏಳುವುದಿಲ್ಲ. ಬೇರೆಯವರು ಹೇಳಿದ್ದಾದರೆ ‘ಕೊನುಶುಯೊರ್ಮುಶ್’ ಅಂತ ಬೇರೆಯೇ ಬಾಲ ಹಚ್ಚಬೇಕಾಗುತ್ತದೆ, ಹಚ್ಚದಿದ್ದರೆ ಮಾತು ಸಾದಾ ಇರುತ್ತದೆ.

ಮತ್ತೊಂದು. ನಮ್ಮ ‘ಅಂತೆ’ ಮತ್ತು ಅವರ ‘ಮಿಶ್’ ಅಕ್ಕತಂಗಿಯರ ಹಾಗೆ ಕಂಡರೂ ‘ಮಿಶ್’ನ ಸಂಸಾರ ದೊಡ್ಡದು. ಬೇರೆಯವರು ಹೇಳಿದ್ದು, ಗುರುತು ನೋಡಿ ಊಹಿಸಿದ್ದು, ಈಗ ತಾನೇ ಗೊತ್ತಾಗಿ ಬೆರಗಾಗಿದ್ದು, ಮೂರೂ ಅದರಲ್ಲೇ. ನಾವು ಊಹಿಸಿದ್ದಕ್ಕೆ ‘ಕೇಳಿಸಿರಬೇಕು’ ಅಂತೀವಿ, ಬೆರಗಿಗೆ ‘ಕೇಳಿಸ್ತಲ್ಲ!’ ಅಂತೀವಿ. ಚಹಾ ಕುದಿಯುವಾಗ ಆ ತಾಯಿ ಹೇಳಿದ್ದು ಎರಡನೆಯದೂ ಹೌದು, ಮೂರನೆಯದೂ ಹೌದು.

ಅಂದಹಾಗೆ ಟರ್ಕಿಶ್‌ನಲ್ಲಿ ಒಂದು ಅನುಕೂಲವೂ ಇದೆ. ‘ಒ’ ಅಂದರೆ ಅವನೂ ಹೌದು, ಅವಳೂ ಹೌದು, ಅದೂ ಹೌದು. ಇಂಗ್ಲಿಷ್‌ನವರು ಪ್ರತಿ ಸಾಲಿನಲ್ಲೂ ಅವನು-ಅವಳು ಅಂತ ಗೆರೆ ಹಾಕಿ ಬರೆಯಬೇಕು, ನಿಮಗೆ ಆ ಕಷ್ಟ ಇಲ್ಲ. ಕನ್ನಡಕ್ಕೆ ತರುವವರು ‘ಮಗು’ ಅಂತ ಬರೆದು ‘ಅದು’ ಅನ್ನಬೇಕಾಗುತ್ತದೆ. ಹತ್ತು ವರ್ಷದ ಹುಡುಗಿಯನ್ನು ‘ಅದು’ ಅಂದರೆ ಅಮ್ಮನಿಗೆ ಹಿಡಿಸುತ್ತದಾ?

ಪುಟ್ಟಿಯ ಅಪ್ಪ (ದಾವಣಗೆರೆ)

ನನಗೆ ವ್ಯಾಕರಣ ಗೊತ್ತಿಲ್ಲ. ಫಾರಂ ತುಂಬಿದವನು ಅಷ್ಟೇ. ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟ್ ಆಯಿತು. ಅದಕ್ಕೆ ಐದು ವರ್ಷದೊಳಗೆ ಆಗಬೇಕು ಅಂತ ಇದ್ದದ್ದರಿಂದ ಆಗ ನಾವು ಓಡಾಡಿದ್ದು ಅಷ್ಟಿಷ್ಟಲ್ಲ. ಈಗ ಅವಳಿಗೆ ಒಂಬತ್ತು.

ಆಪರೇಷನ್ ಆಗಿ ಒಂದು ವರ್ಷಕ್ಕೆ ನಮಗೂ ಇಂಥದ್ದೇ ಒಂದು ಫಾರಂ ಕೊಟ್ಟರು. ಯಾವ ಆಸ್ಪತ್ರೆ ಅಂತ ಹೇಳಲ್ಲ. ಕೊಟ್ಟಿದ್ದು ಎಲ್ಲಿ ಗೊತ್ತಾ? ಆಪರೇಷನ್ ಮಾಡಿದ ಡಾಕ್ಟರ ಕೋಣೆಯ ಹೊರಗೆ. ಅಲ್ಲಿದ್ದ ಹುಡುಗ ಒಂದೊಂದೇ ಓದಿ, ‘ಒಪ್ತೀರಾ ಸರ್?’ ಅಂತ ಕೇಳುತ್ತಿದ್ದ. ಬಾಗಿಲು ತೆರೆದೇ ಇತ್ತು. ನಾನು ಎಲ್ಲದಕ್ಕೂ ಒಪ್ತೀನಿ ಅಂದೆ. ಅಷ್ಟು ಲಕ್ಷದ ಮಷಿನ್ ಪುಕ್ಕಟೆ ಹಾಕಿದ್ದಾರೆ, ದೇವರ ಹಾಗೆ ಕಂಡವರು, ಅವರ ಬಾಗಿಲಲ್ಲಿ ಕೂತು ‘ನಮಗೆ ಸರಿಯಾಗಿ ತಿಳಿಸಿ ಹೇಳಲಿಲ್ಲ’ ಅನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಏನೆಂದರೆ ಆಪರೇಷನ್ ಆದ ದಿನವೇ ಮಗಳಿಗೆ ಕೇಳಿಸುತ್ತದೆ ಅಂತ ನಾವಿಬ್ಬರೂ ಅಂದುಕೊಂಡಿದ್ದೆವು. ಗಾಯ ಒಣಗಿ, ಸುಮಾರು ಒಂದು ತಿಂಗಳಾದ ಮೇಲೆ ಮಷಿನ್ ಶುರು ಮಾಡುತ್ತಾರೆ, ಆಮೇಲೆ ವರ್ಷಗಟ್ಟಲೆ ಥೆರಪಿ, ಅದು ನಮ್ಮ ತಲೆಗೆ ಹೋಗಿರಲೇ ಇಲ್ಲ. ಆ ಒಂದು ತಿಂಗಳು ನನ್ನ ಹೆಂಡತಿ ದಿನಾ ಮಗಳ ಹಿಂದೆ ನಿಂತು ತಟ್ಟೆ ಬಡಿದು ನೋಡುತ್ತಿದ್ದಳು. ಮಗಳು ತಿರುಗುತ್ತಿರಲಿಲ್ಲ. ಏನೋ ಎಡವಟ್ಟಾಗಿದೆ ಅಂತ ರಾತ್ರಿ ಎಲ್ಲ ಅಳುತ್ತಿದ್ದಳು. ಇದು ಯಾವ ಫಾರಂನಲ್ಲೂ ಹೋಗಲಿಲ್ಲ.

ಇನ್ನೊಂದು ಹೇಳುತ್ತೇನೆ ತಂಗಿ. ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ತುಂಬಿಸಬೇಡಿ. ನಮ್ಮ ಮನೆಯಲ್ಲಿ ನಾನು ಬರೆದೆ, ಅವಳು ಪಕ್ಕದಲ್ಲಿ ಕೂತು ತಲೆ ಆಡಿಸಿದಳು. ಆದರೆ ಮಗಳನ್ನು ಥೆರಪಿಗೆ ಕರೆದುಕೊಂಡು ಬಸ್ಸಿನಲ್ಲಿ ಓಡಾಡಿದವಳು ಅವಳು. ನಾನು ಅಂಗಡಿಯಲ್ಲಿ ಇರುತ್ತಿದ್ದೆ. ನನಗೆ ಗೊತ್ತಿದ್ದದ್ದೆಲ್ಲ ರಾತ್ರಿ ಅವಳು ಹೇಳಿದ್ದು. ನಿಮ್ಮ ‘ಅಂತೆ’ ಇದೆಯಲ್ಲ, ಅದು ನನ್ನ ಉತ್ತರ. ಅವಳದ್ದು ‘ನೋಡಿದೆ’.

ಬೆರಳ ನುಡಿ

ನನ್ನ ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ, ಮನೆಯಲ್ಲಿ ನಾವೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತೇವೆ. ಒಂದೇ ಮಾತು. ‘ಈಗ ಸನ್ನೆ ಕಡಿಮೆ ಮಾಡಿದ್ದಾನೆ’ ಅನ್ನುವುದಕ್ಕೆ ಒಪ್ಪಿದರೆ ಜಾಸ್ತಿ ಅಂಕ ಅಂತ ಎಲ್ಲಾದರೂ ಇದ್ದರೆ ದಯವಿಟ್ಟು ಮತ್ತೆ ಯೋಚಿಸಿ. ಟರ್ಕಿಯಲ್ಲಿ 2005ರ ಅಂಗವಿಕಲರ ಕಾನೂನಿನಲ್ಲೇ ಟರ್ಕಿಶ್ ಸನ್ನೆ ಭಾಷೆಯ ಮಾತು ಬಂದಿದೆ. ಇಂಪ್ಲಾಂಟ್ ಇದ್ದೂ ಸನ್ನೆ ಮಾಡುವ ಮಕ್ಕಳಿದ್ದಾರೆ. ರಾತ್ರಿ ಮಲಗುವಾಗ, ಸ್ನಾನ ಮಾಡುವಾಗ ಪ್ರೊಸೆಸರ್, ಅಂದರೆ ಕಿವಿಯ ಹೊರಗೆ ಹಾಕುವ ಭಾಗ, ತೆಗೆದಿಡುತ್ತಾರೆ, ಆಗ ಆ ಮಗುವಿಗೆ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಆಗ ಅಮ್ಮ ಯಾವ ಭಾಷೆಯಲ್ಲಿ ‘ಮಲಕ್ಕೋ ಕಂದ’ ಅನ್ನಬೇಕು? ಪದದ ಬಗ್ಗೆಯೂ ನೋಡಿಕೊಳ್ಳಿ. ನಮ್ಮಲ್ಲಿ ‘ಕಿವುಡ’ ಅಂತ ಬೀದಿಯಲ್ಲಿ ಕೂಗುವುದೇ ಬೇರೆ, ಅಣ್ಣನ ಗೆಳೆಯರು ತಮ್ಮನ್ನು ತಾವು ಹಾಗೆ ಕರೆದುಕೊಳ್ಳುವುದೇ ಬೇರೆ.

ಲೆಕ್ಕದ ಹುಡುಗಿ

ಅಂಕಿಅಂಶದ ಕಡೆಯಿಂದ ಎರಡು ಮಾತು. ಎರಡು ವಾರ ಬಿಟ್ಟು ಅದೇ ತಂದೆತಾಯಿಗೆ ಮತ್ತೆ ಕೊಟ್ಟು ಉತ್ತರ ಬದಲಾಗಿದೆಯಾ ಅಂತ ನೋಡುತ್ತೀರಿ ಅಲ್ವಾ? ಆ ಪರೀಕ್ಷೆಗೆ ಹೊಸದಾಗಿ ಮಷಿನ್ ಶುರುವಾದ ಮಕ್ಕಳನ್ನು ತಗೋಬೇಡಿ. ಆ ಮಕ್ಕಳು ಎರಡು ವಾರದಲ್ಲಿ ನಿಜವಾಗಿಯೂ ಬದಲಾಗುತ್ತಾರೆ. ಉತ್ತರ ಬದಲಾದರೆ ಪ್ರಶ್ನೆ ಕೆಟ್ಟದ್ದಾ, ಮಗು ಮುಂದೆ ಹೋಯಿತಾ ಅಂತ ಹೇಳಲು ಬರುವುದಿಲ್ಲ. ಎರಡು ಮೂರು ವರ್ಷ ಆದವರನ್ನು ತಗೊಳ್ಳಿ.

ಆಲ್ಫಾ, ಅಂದರೆ ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ, 0.70 ದಾಟಿತು ಅಂತ ಖುಷಿಪಟ್ಟು ನಿಲ್ಲಬೇಡಿ. ದಾವಣಗೆರೆ ಅಣ್ಣ ಹೇಳಿದ ಹಾಗೆ ಎಲ್ಲದಕ್ಕೂ ‘ಒಪ್ತೀನಿ’ ಅಂದರೂ ಆಲ್ಫಾ ಮೇಲೇರಬಹುದು, ಹೇಳಿಕೆಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದರೆ ಇನ್ನೂ ಸುಲಭವಾಗಿ. ಹಾಗಂತ ‘ಇಲ್ಲ’ ಇರುವ ಹೇಳಿಕೆಗಳನ್ನು ಸುಮ್ನೆ ತುಂಬಿದರೂ ಕಷ್ಟ. ‘ನನ್ನ ಮಗು ಬೇರೆಯವರ ಜೊತೆ ಬೆರೆಯುವುದಿಲ್ಲ’ ಅನ್ನುವುದಕ್ಕೆ ‘ಒಪ್ಪುವುದಿಲ್ಲ’ ಅಂದರೆ ಬೆರೆಯುತ್ತಾನೆ ಅಂತ. ಎರಡು ‘ಇಲ್ಲ’ ಸೇರಿ ‘ಹೌದು’ ಆಗುವುದನ್ನು ಸುಸ್ತಾದ ತಾಯಿ ಸಂಜೆ ಹೊತ್ತು ಕೂತು ಲೆಕ್ಕ ಹಾಕಬೇಕಾ?

ತುಂಗಾತೀರ

ಮೂರು ವಾರ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ನೀವೆಲ್ಲ ಬರೆದದ್ದನ್ನು ಟರ್ಕಿಶ್‌ಗೆ ತಂದು ತಂಡದ ಮುಂದೆ ಇಟ್ಟೆ. ಆಮೇಲೆ ಹನ್ನೊಂದು ಮನೆಗೆ ಹೋಗಿ ಬಂದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಪದಗಂಟು ಅವರು ಹೇಳಿದ ಹಾಗೆ ಮನೆಯೊಳಗಿನ ಹೇಳಿಕೆಗಳನ್ನೆಲ್ಲ ‘ಕೊನುಶುಯೊರ್’ ಥರ ವರ್ತಮಾನಕ್ಕೆ ತಂದೆವು. ಓದುವ ವೇಗವೇ ಬದಲಾಯಿತು. ಮೊದಲು ಬೆರಳಿಟ್ಟು ಓದುತ್ತಿದ್ದವರು ಈಗ ಓದುತ್ತಲೇ ತಲೆ ಆಡಿಸುತ್ತಾರೆ. ‘ತಿರ್’ ಇದ್ದ ಕರಡನ್ನೂ ಒಂದೆರಡು ಮನೆಯಲ್ಲಿ ತೋರಿಸಿದೆವು. ಒಬ್ಬ ತಾಯಿ ‘ಇದನ್ನು ಯಾರಿಗೆ ಕಳಿಸುತ್ತೀರಿ, ವಿಮೆ ಆಫೀಸಿಗಾ?’ ಅಂತ ಕೇಳಿದರು. ಇಲ್ಲಿ ಇಂಪ್ಲಾಂಟ್‌ನ ಖರ್ಚು ಸರ್ಕಾರದ ಸಾಮಾಜಿಕ ವಿಮೆಯಿಂದ ಬರುತ್ತದೆ. ತಪ್ಪು ಉತ್ತರ ಕೊಟ್ಟರೆ ಮುಂದೆ ಮಷಿನ್ ರಿಪೇರಿಗೆ ದುಡ್ಡು ನಿಲ್ಲುತ್ತದೆ ಅನ್ನುವ ಭಯ ಅದು. ದಾವಣಗೆರೆ ಅಣ್ಣ, ನೀವು ಬರೆದದ್ದು ಆಗಲೇ ನೆನಪಾಯಿತು. ಈಗ ಫಾರಂ ಅನ್ನು ಆಸ್ಪತ್ರೆಯಲ್ಲಿ ಕೊಡುವುದಿಲ್ಲ. ಮನೆಗೆ ಲಕೋಟೆ ಕಳಿಸುತ್ತೇವೆ, ಹೆಸರು ಬರೆಯುವ ಜಾಗ ತೆಗೆದಿದ್ದೇವೆ.

ಶಾಲೆಯ ಹೇಳಿಕೆಗಳೇ ನಿಜವಾದ ತಲೆನೋವು. ಮೂಲದಲ್ಲಿ ಕಿವಿ ಕೇಳಿಸದ ಮಕ್ಕಳ ವಿಶೇಷ ಟೀಚರ್ ಸಾಮಾನ್ಯ ಶಾಲೆಗೇ ಬಂದು ಹೋಗುವ ಇಂಗ್ಲೆಂಡಿನ ಪದ್ಧತಿ ಹಿನ್ನೆಲೆಯಲ್ಲಿದೆ. ಇಲ್ಲಿ ಮಗು ಬೆಳಗ್ಗೆ ಮಾಮೂಲಿ ಶಾಲೆಗೆ ಹೋಗುತ್ತದೆ, ಮಧ್ಯಾಹ್ನ ಮಿನಿಬಸ್ ಬಂದು ಪುನರ್ವಸತಿ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತದೆ. ತಿಂಗಳಿಗೆ ಎಂಟು ಪಾಠ ಒಬ್ಬೊಬ್ಬರಿಗೇ, ನಾಲ್ಕು ಗುಂಪಿನಲ್ಲಿ, ಅಷ್ಟಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಹಾಗಾಗಿ ‘ಟೀಚರ್’ ಅಂದರೆ ಯಾರು ಅಂತ ಎಲ್ಲ ಮನೆಯಲ್ಲೂ ಕೇಳಿದರು. ಈಗ ‘ಶಾಲೆಯ ಟೀಚರ್’, ‘ಕೇಂದ್ರದ ಟೀಚರ್’ ಅಂತ ಬೇರೆ ಮಾಡಿದ್ದೇವೆ. ಜೊತೆಗೆ ಶಾಲೆಯ ಪ್ರತಿ ಹೇಳಿಕೆಯ ಕೊನೆಗೆ ಒಂದು ಚಿಕ್ಕ ಚೌಕ ಇಟ್ಟಿದ್ದೇವೆ, ‘ನಾನೇ ನೋಡಿದ್ದು’ ಅಥವಾ ‘ಬೇರೆಯವರು ಹೇಳಿದ್ದು’. ಅಂಕಕ್ಕೆ ಅದು ಸೇರುವುದಿಲ್ಲ, ಮೂಲದ ಲೆಕ್ಕ ಹಾಗೇ ಉಳಿಯುತ್ತದೆ. ಆದರೆ ತಾಯಂದಿರು ಅದನ್ನು ಎಷ್ಟು ಆಸೆಯಿಂದ ತುಂಬುತ್ತಾರೆ ಅಂದರೆ, ಅದಕ್ಕೇ ಕಾಯುತ್ತಿದ್ದ ಹಾಗೆ.

ನಡುವಿನ ಮನೆ ಇದೆಯಲ್ಲ, ಒಪ್ಪುವುದೂ ಇಲ್ಲ ಒಪ್ಪದೆಯೂ ಇಲ್ಲ ಅನ್ನುವುದು, ಅದಕ್ಕೆ ಇಲ್ಲಿ ‘ಕರಾರ್‌ಸಿಝಿಮ್’ ಅಂತ ಹಾಕುವ ರೂಢಿ. ಅಂದರೆ ‘ನನಗೆ ನಿರ್ಧಾರಕ್ಕೆ ಬರಲು ಆಗುತ್ತಿಲ್ಲ’. ಆಪರೇಷನ್ ಮಾಡಿಸುವ ನಿರ್ಧಾರದ ಬಗ್ಗೆ ಇರುವ ಹೇಳಿಕೆಗಳ ಮುಂದೆ ಆ ಪದ ಕಂಡು ಒಬ್ಬ ತಂದೆ ಪೆನ್ನು ಕೆಳಗಿಟ್ಟರು. ‘ನಾವು ಅವತ್ತೇ ನಿರ್ಧಾರ ಮಾಡಿದ್ದೇವೆ, ಅದರಲ್ಲಿ ಹಿಂದೆ ಮುಂದೆ ಇಲ್ಲ’ ಅಂದರು. ದನಿ ಗಡುಸಾಗಿತ್ತು. ಅವರನ್ನು ನೋಯಿಸಿದೆವು ಅಂತ ನನಗೆ ತುಂಬಾ ಬೇಜಾರಾಯಿತು. ಆ ಪದ ತೆಗೆದಿದ್ದೇವೆ.

ಮುಖ ಕಾಣದಿದ್ದರೂ ಮಾತಾಡಬಹುದು, ಕತ್ತಲಲ್ಲಿ, ಕಾರಿನಲ್ಲಿ, ಅನ್ನುವಂಥ ಒಂದು ಹೇಳಿಕೆ ಇದೆ. ಹನ್ನೊಂದು ಮನೆಯಲ್ಲಿ ಕಾರು ಇದ್ದದ್ದು ಐದರಲ್ಲಿ. ಕಾರು ತೆಗೆದು ದೊಲ್ಮುಶ್ ಹಾಕೋಣ ಅಂತ ಒಬ್ಬರು ಹೇಳಿದರು. ದೊಲ್ಮುಶ್ ಅಂದರೆ ಇಲ್ಲಿನ ಮಿನಿಬಸ್, ಜನ ಕೈ ತೋರಿಸಿ ಹತ್ತುವಂಥದ್ದು. ನಾನು ಬೇಡ ಅಂದೆ. ಕಾರಿನಲ್ಲಿ ಕಿಟಕಿ ಮುಚ್ಚಿದರೆ ಗದ್ದಲ ಕಡಿಮೆ. ದೊಲ್ಮುಶ್‌ನಲ್ಲಿ ಇಂಜಿನ್, ರೇಡಿಯೊ, ಚಿಲ್ಲರೆ ಕೈಯಿಂದ ಕೈಗೆ ದಾಟಿಸುವವರ ಮಾತು. ಇಂಪ್ಲಾಂಟ್ ಇರುವ ಮಗುವಿಗೆ ಗದ್ದಲದ ನಡುವೆ ಮಾತು ಹೆಕ್ಕಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಪದ ಒಂದೇ ಬದಲಾದರೂ ಪರೀಕ್ಷೆ ಎರಡು ಪಟ್ಟು ಗಟ್ಟಿಯಾಗುತ್ತದೆ. ಕೊನೆಗೆ ‘ದೀಪ ಆರಿಸಿದ ಮೇಲೆ’ ಅನ್ನುವುದನ್ನು ಮಾತ್ರ ಉಳಿಸಿದೆವು. ಹಾಸಿಗೆಯಲ್ಲಿ ಕಥೆ ಹೇಳುವಾಗ, ಪ್ರೊಸೆಸರ್ ತೆಗೆಯುವ ಮುಂಚೆ. ಬೆರಳ ನುಡಿ ಅವರೇ, ನಿಮ್ಮ ‘ಮಲಕ್ಕೋ ಕಂದ’ ಓದಿದ ಮೇಲೆ ಸನ್ನೆಯ ಹೇಳಿಕೆಗಳ ಬಗ್ಗೆಯೂ ಮೂಲದವರಿಗೆ ಬರೆದಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ. ಮೇಲ್ಬರಹದಲ್ಲಿ ‘ಸಾಅರ್’ (ಕಿವುಡ) ಅನ್ನುವ ಪದ ಬೇಡ, ‘ಇಶಿತ್ಮೆ ಎಂಗೆಲ್ಲಿ’ (ಶ್ರವಣ ದೋಷ ಇರುವವರು) ಇರಲಿ ಅಂತ ತಂದೆತಾಯಿ ಹೇಳಿದರು. ನಾವು ಎರಡನ್ನೂ ಬಿಟ್ಟು ‘ಇಂಪ್ಲಾಂಟ್ ಇರುವ ಮಕ್ಕಳು’ ಅಂತಷ್ಟೇ ಹಾಕಿದ್ದೇವೆ.

ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಮಗುವಿನ ಒಳ್ಳೆಯದನ್ನು ಹೇಳುವ ಸಾಲಿಗೆ ‘ಪೂರ್ತಿ ಒಪ್ಪುತ್ತೇನೆ’ ಅಂತ ಗುರುತು ಹಾಕಲು ಕೆಲವರು ಹಿಂದೇಟು ಹಾಕುತ್ತಾರೆ. ಕಣ್ಣು ತಾಗುತ್ತದೆ ಅಂತ. ಒಬ್ಬ ತಾಯಿ ‘ಮಾಶಲ್ಲಾ’ ಅಂತ, ಕಣ್ಣು ತಾಗದಿರಲಿ ಅಂತ ಹೇಳುವ ಮಾತು, ಅಂಚಿನಲ್ಲಿ ಬರೆದು ಆಮೇಲೆ ಆ ಮನೆಗೆ ಗುರುತು ಹಾಕಿದರು. ಅವರ ಮಗಳ ಪ್ರೊಸೆಸರ್‌ನ ಪಕ್ಕದಲ್ಲೇ, ಕೂದಲಿನ ಕ್ಲಿಪ್‌ಗೆ ಒಂದು ನೀಲಿ ಮಣಿ ಕಟ್ಟಿದ್ದರು, ನಾವು ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಹಾಗೆ. ಅವತ್ತಿನಿಂದ ಎಲ್ಲ ಫಾರಂಗೂ ಬಲಗಡೆ ಅಗಲವಾದ ಅಂಚು ಬಿಟ್ಟಿದ್ದೇವೆ.

ಕಿವಿಮಾತು (ಮೈಸೂರು)

ಅಂಚಿನಲ್ಲಿ ಬರೆದದ್ದನ್ನೆಲ್ಲ ಎತ್ತಿಡಿ, ಒಂದನ್ನೂ ಎಸೆಯಬೇಡಿ. ಇನ್ನೊಂದು ನೋಡಿ, ಇಲ್ಲಿ ‘ಮಷಿನ್’ ಅಂದರೆ ಮೊದಲು ಹಾಕಿದ ಹಿಯರಿಂಗ್ ಏಡ್ ಕೂಡ ಹೌದು, ಇಂಪ್ಲಾಂಟ್ ಕೂಡ ಹೌದು. ‘ಮಷಿನ್ ಹಾಕಿದ ಮೇಲೆ’ ಅಂದರೆ ಯಾವುದರ ಮೇಲೆ ಅಂತ ಗೊತ್ತಾಗುವುದಿಲ್ಲ. ಟರ್ಕಿಯವರು ಏನನ್ನುತ್ತಾರೆ?

ತುಂಗಾತೀರ

‘ಜಿಹಾಜ್’ ಮೇಡಂ. ಎರಡಕ್ಕೂ ಅದೇ! ಇಂಪ್ಲಾಂಟ್‌ಗೆ ಕೆಲವರು ‘ಬಿಯೋನಿಕ್ ಕುಲಾಕ್’ ಅಂತಾರೆ, ಕುಲಾಕ್ ಅಂದರೆ ಕಿವಿ. ಇವತ್ತೇ ನೋಡುತ್ತೇನೆ, ನಮ್ಮ ಕರಡಿನಲ್ಲಿ ಆರು ಕಡೆ ಬರೀ ‘ಜಿಹಾಜ್’ ಇದೆ. ‘ಆಪರೇಷನ್ ಆದ ಮೇಲೆ’ ಅಂತ ಇರುವುದನ್ನೂ ‘ಮೊದಲ ಸಲ ಆನ್ ಮಾಡಿದ ಮೇಲೆ’ ಅಂತ ತಿದ್ದಬೇಕು. ದಾವಣಗೆರೆಯ ಅಕ್ಕ ತಟ್ಟೆ ಬಡಿದ ಆ ಒಂದು ತಿಂಗಳು ಲೆಕ್ಕದಲ್ಲಿ ತಪ್ಪಾಗಿ ಸೇರಬಾರದು.

ಪುಟ್ಟಿಯ ಅಪ್ಪ (ದಾವಣಗೆರೆ)

ಇದನ್ನು ಅವಳಿಗೆ ಓದಿ ಹೇಳಿದೆ ತಂಗಿ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಕನ್ನಡದಲ್ಲಿ ಇಂಥದ್ದು ಮಾಡಿದರೆ ನಾನೂ ತುಂಬಿಕೊಡುತ್ತೇನೆ ಅಂತ ಹೇಳು ಅಂದಳು.

ತುಂಗಾತೀರ

ಅಣ್ಣಾ, ಕನ್ನಡದ್ದಕ್ಕೆ ಮೂಲದವರ ಒಪ್ಪಿಗೆ ಬೇರೆಯೇ ಕೇಳಬೇಕು. ಕಿವಿಮಾತು ಮೇಡಂ ಜೊತೆಗಿದ್ದರೆ ಈ ತಿಂಗಳೇ ಕೇಳುತ್ತೇನೆ. ಒಪ್ಪಿಗೆ ಸಿಕ್ಕಿದರೆ ನಿಮ್ಮ ಮನೆಗೆ ಎರಡು ಲಕೋಟೆ ಬರುತ್ತವೆ, ಒಂದು ಅಕ್ಕನಿಗೆ, ಒಂದು ನಿಮಗೆ.